ಹಾರುವ ಹಕ್ಕಿಯ ಕರಾರು

ಮಾನ್ವಿ
19 ನವೆಂಬರ್ 2023

ಚಿ. ವಿಶಾಖಾಗೆ ಶಿವಬಸಮ್ಮನ ಆಶೀರ್ವಾದಗಳು.

ಲೆನ್ಸ್ ಕಳಿಸಿದ್ದೇನೆ. ದೇವದುರ್ಗದ ಬಸ್ಸಿನ ಕಂಡಕ್ಟರ್ ಹುಸೇನಪೀರ ಎಂದಿನಂತೆ ಪೆಟ್ಟಿಗೆಯನ್ನು ತನ್ನ ಸೀಟಿನಲ್ಲಿ ಕೂರಿಸಿ ತಾನು ನಿಂತು ಬರುತ್ತಾನೆ. "ಯವ್ವಾರ, ಕೂಸಿನಂಗ ಒಯ್ತೀನ್ರಿ, ಚಿಂತಿ ಬಿಡ್ರಿ" ಅಂದ. ಕೂಸಿಗಿಂತ ಭಾರ ಇದೆ, ಪಾಪ.

ಈ ಸಲ ಬೇಗ ಹಿಂದಕ್ಕೆ ಕಳಿಸುವ ಗಡಿಬಿಡಿ ಬೇಡ. ಹೊಸ ಭತ್ತ ಬರುತ್ತಿದೆ, ಗಿರಣಿಯಲ್ಲಿ ಒಂದೇ ಸಮ ಗದ್ದಲ. ಇನ್ನೊಂದು ತಿಂಗಳು ನನಗೆ ಹೊಳೆಗೆ ಹೋಗಲು ಪುರಸೊತ್ತಿಲ್ಲ.

ನಮ್ಮ ಯಜಮಾನರು ನಿನ್ನೆ ಮತ್ತೆ ಕೇಳಿದರು: "ಅಲ್ಲಬೇ, ಅಷ್ಟು ದೊಡ್ಡ ಸಾಮಾನ ತಿಂಗಳಾ ತಿಂಗಳಾ ಬಸ್ಸಿನ್ಯಾಗ ಕಳಿಸ್ತೀಯಲ್ಲ, ಆಕಿ ಯಾರು ಏನು?" ನಾನು ಹೇಳಿದೆ: "ಆಕಿ ದೇವದುರ್ಗದಾಗ ಹೈಸ್ಕೂಲಿನ ಸೈನ್ಸ್ ಟೀಚರ್. ರಾಯಚೂರಿನ ಹಕ್ಕಿ ನೋಡೋ ಗುಂಪಿನ್ಯಾಗ ಸಿಕ್ಕಳು. ಆಕಿ ಕ್ಯಾಮೆರಾನೂ ನಿಕಾನ್, ನಂದೂ ನಿಕಾನ್. ನನ್ನ ಲೆನ್ಸ್ ಆಕಿ ಕ್ಯಾಮೆರಾಕ್ಕ ಕೂಡಿಸಿ ಕೊಟ್ಟೆ. ನಾ ಇಷ್ಟು ವರ್ಷ ತೆಗಿಲಾರದ್ದನ್ನ ಆಕಿ ಒಂದು ಮುಂಜಾನಿಗೆ ತಗದಳು." ಅವರು ನಕ್ಕರು. ಗಿರಣಿ ನಡೆಸುವ ನಮ್ಮ ಯಜಮಾನ ಶಂಭುಲಿಂಗಪ್ಪನವರಿಗೆ ಅಕ್ಕಿಯ ಕಾಳು ನೋಡಿದರೆ ಹೊಲ ಯಾವುದೆಂದು ಗೊತ್ತಾಗುತ್ತದೆ, ಹಕ್ಕಿ ಮಾತ್ರ ಎಲ್ಲವೂ ಗುಬ್ಬಿಯೇ.

ಈ ಜಿಲ್ಲೆಯಲ್ಲಿ ಐನೂರು ಎಂಎಂ ಲೆನ್ಸ್ ಹೊತ್ತು ಹೊಳೆದಂಡೆ ಇಳಿಯುವ ಹೆಂಗಸು ನಾನೊಬ್ಬಳೇ. ಗುಂಪಿನ ಗಂಡಸರು ನನ್ನನ್ನು 'ದೊಡ್ಡ ಲೆನ್ಸಿನ ಅಮ್ಮಾರು' ಅನ್ನುತ್ತಾರಂತೆ. ಅನ್ನಲಿ. ನನಗೆ ಖುಷಿಯೇ.

ಹೊಳೆದಂಡೆಯ ಚೀಕಲಪರ್ವಿಯಲ್ಲಿ ಹೋದ ವಾರ ತೆಗೆದ ಟಿಟ್ಟಿಭ, ಬಾತು, ಕೊಕ್ಕರೆಗಳನ್ನು ವಾಟ್ಸಾಪಿಗೆ ಹಾಕಿದ್ದೇನೆ. ಮಾತು ಮಾತ್ರ ಕಾಗದದಲ್ಲೇ. ನನ್ನ ದಪ್ಪ ಬೆರಳಿಗೆ ಮೊಬೈಲಿನ ಅಕ್ಷರ ಒಗ್ಗುವುದಿಲ್ಲ.

ಶಿವಬಸಮ್ಮ


ದೇವದುರ್ಗ
17 ಡಿಸೆಂಬರ್ 2023

ಪೂಜ್ಯ ಅಮ್ಮಾವರಿಗೆ ವಿಶಾಖಾಳ ನಮಸ್ಕಾರಗಳು.

ಲೆನ್ಸ್ ಈ ಪತ್ರದ ಜೊತೆಗೇ ಬರುತ್ತಿದೆ. ಮುಂದಿನ ಗಾಜು ನಾನೇ ಒರೆಸಿದ್ದೇನೆ, ನೀವು ಮತ್ತೆ ಒರೆಸಬೇಡಿ.

ಒಂದು ದೊಡ್ಡ ಸುದ್ದಿ. ಊರ ಹೊರಗಿನ ಬಂಡೆಗುಡ್ಡದಲ್ಲಿ ಕೊಂಬಿನ ಗೂಬೆಯ ಜೋಡಿ ಇದೆ! ಶಾಲೆ ಬಿಟ್ಟ ಮೇಲೆ ಅವ್ವನನ್ನು ಕರೆದುಕೊಂಡು ನಡೆಯಲು ಹೋಗುತ್ತೇನೆ. ಅವ್ವನೇ ಮೊದಲು ಕಂಡದ್ದು. "ಅಲ್ನೋಡು, ಕಲ್ಲಿಗಿ ಕಣ್ಣು ಬಂದಾವ" ಅಂದಳು. ಕಿತ್ತಳೆ ಬಣ್ಣದ ಕಣ್ಣು. ಬಂಡೆಯ ಸಂದಿನಲ್ಲಿ ಜಾಗ ಹಸನು ಮಾಡಿಕೊಳ್ಳುತ್ತಿವೆ, ಬಹುಶಃ ಜನವರಿಗೆ ಮೊಟ್ಟೆ. ಗೂಡಿನ ಹತ್ತಿರ ಹೋಗುವಂತಿಲ್ಲ, ಹೋದರೆ ಬಿಟ್ಟುಬಿಡುತ್ತವೆ. ಆದರೆ ನಿಮ್ಮ ಲೆನ್ಸ್ ಇದ್ದರೆ ಎದುರಿನ ಗುಡ್ಡದ ಮೇಲೆ ಕೂತು, ನಾನು ಇರುವುದೇ ಅವಕ್ಕೆ ಗೊತ್ತಾಗದಂತೆ ತೆಗೆಯಬಹುದು. ಮರಿ ಹೊರಬರುವ ಹೊತ್ತಿಗೆ ದಯವಿಟ್ಟು ಮತ್ತೆ ಕಳಿಸಿ. ಇಂಥದೊಂದು ಚಿತ್ರ ತೆಗೆದರೆ ಸಾಕು, ನಾನು ಫೋಟೋಗ್ರಾಫರ್ ಎಂದು ನಾನೇ ನಂಬುತ್ತೇನೆ.

ನಿಮ್ಮ ಚಿತ್ರಗಳನ್ನು ನೋಡಿದೆ. ಟಿಟ್ಟಿಭದ ಕಾಲಿನ ಹಳದಿ ಎಷ್ಟು ಚೊಕ್ಕ ಬಂದಿದೆ! ಆದರೆ ಅಮ್ಮಾವರೇ, ಇತ್ತೀಚೆಗೆ ಎಲ್ಲ ನೆಲದ ಹಕ್ಕಿಗಳೇ. ಆಕಾಶದ ಮೇಲೆ ಮುನಿಸೇ?

ಲೆನ್ಸ್ ಮಾನ್ವಿಯಿಂದ ಬರುತ್ತದೆ ಎಂದಾಗ ಅವ್ವ, "ಮಾನ್ವಿ ನನಗ ಗೊತ್ತದ" ಅಂದಳು. ಅಷ್ಟೇ.

ವಿಶಾಖಾ


ಮಾನ್ವಿ
21 ಜನವರಿ 2024

ಚಿ. ವಿಶಾಖಾಗೆ ಆಶೀರ್ವಾದಗಳು.

ಈ ಸಲ ಸುದ್ದಿ ನನ್ನದು. ನಿಕಾನ್ ಬಿಟ್ಟೆ!

ಮೊದಲು ಒಲಿಂಪಸ್ ಅನ್ನುತ್ತಿದ್ದರಲ್ಲ, ಆ ಕಂಪನಿಯ ಮಿರರ್‌ಲೆಸ್ ಕ್ಯಾಮೆರಾ, ಮುನ್ನೂರು ಎಂಎಂ ಲೆನ್ಸ್ ತರಿಸಿದ್ದೇನೆ. ಸೆನ್ಸರ್ ಸಣ್ಣದಾದ್ದರಿಂದ ಆ ಮುನ್ನೂರೇ ನಮ್ಮ ಹಳೆಯ ಕ್ಯಾಮೆರಾದ ಆರುನೂರರಷ್ಟು ಹತ್ತಿರ ತೋರಿಸುತ್ತದೆ. ಕನ್ನಡಿ ಇಲ್ಲ, ಟಪಟಪ ಸಪ್ಪಳ ಇಲ್ಲ. ಹಕ್ಕಿಯ ಕಣ್ಣನ್ನು ತಾನೇ ಹುಡುಕುತ್ತದೆ. ಕಾಲ ಮುಂದೆ ಹೋಗಿದೆ, ನಾವು ಹಿಂದೆ ಉಳಿಯಬಾರದು. ಅಷ್ಟೇ ಕಾರಣ.

ಗುಂಪಿನವರು ನಗುತ್ತಿದ್ದಾರೆ. ಮೌನೇಶ ಫೋನಿನಲ್ಲಿ, "ಅಮ್ಮಾರ, ಆನಿ ಮಾರಿ ಕತ್ತಿ ತಂದಂಗಾತಲ್ರಿ" ಅಂದ. ನನ್ನ ಹೊಸ ಕ್ಯಾಮೆರಾ ಕತ್ತೆಯಂತೆ! "ಕತ್ತಿ ಹತ್ತಿ ಹೊಳಿ ದಾಟ್ತೀನಿ, ನೀ ಆನಿ ಕಟಗೊಂಡು ದಂಡ್ಯಾಗ ಕುಂದ್ರು" ಅಂದೆ.

ದೊಡ್ಡ ಲೆನ್ಸು ಹೊಸ ಕ್ಯಾಮೆರಾಕ್ಕೆ ಕೂರುವುದಿಲ್ಲ. ಹೇಗೂ ನನಗಿನ್ನು ಬೇಡ. ಮನೆಯಲ್ಲಿ ಸುಮ್ಮನೆ ಧೂಳು ತಿನ್ನುವುದಕ್ಕಿಂತ ನಿನ್ನ ಬಳಿ ಇರಲಿ ಎಂದು ಇದರೊಂದಿಗೆ ಕಳಿಸಿದ್ದೇನೆ. ಹಿಂದಕ್ಕೆ ಕಳಿಸುವ ಮಾತಿಲ್ಲ, ನಿನಗೇ ಕೊಟ್ಟುಬಿಟ್ಟೆ. ಗೂಬೆ ಮರಿಗಳನ್ನು ತೆಗೆ. ಬಡವರ ಮನೆಯ ಹುಡುಗಿ ಮುಂದೆ ಬಂದರೆ ನನಗೂ ಪುಣ್ಯ.

ಶಿವಬಸಮ್ಮ


ದೇವದುರ್ಗ
28 ಜನವರಿ 2024

ಶಿವಬಸಮ್ಮನವರಿಗೆ, ಜೈಭೀಮ್.

ಲೆನ್ಸನ್ನು ಹುಸೇನಪೀರರ ಕೈಯಲ್ಲಿ ಹಿಂದಕ್ಕೆ ಕಳಿಸುತ್ತಿದ್ದೇನೆ. ಮುಟ್ಟಿದ ಮೇಲೆ ಒಂದು ಸಾಲು ತಿಳಿಸಿ.

ಇಲ್ಲಿಯವರೆಗೆ ನೀವು ಕಳಿಸುತ್ತಿದ್ದಿರಿ, ನಾನು ತೆಗೆದು ಮರಳಿಸುತ್ತಿದ್ದೆ. ಇಬ್ಬರೂ ಒಂದೇ ಕೆಲಸ ಮಾಡುವವರು, ಒಂದು ಸಾಮಾನು ಹಂಚಿಕೊಂಡಿದ್ದೇವೆ ಎಂದುಕೊಂಡಿದ್ದೆ. ನಿಮಗೆ ಬೇಡವಾದದ್ದು ನನಗೆ, ಅದರ ಮೇಲೆ ನಿಮಗೆ ಪುಣ್ಯ ಬೇರೆ. ಈ ಲೆಕ್ಕ ನನಗೆ ಗೊತ್ತಿರಲಿಲ್ಲ.

ನಿಮಗೆ ಹೇಳದ ಒಂದು ವಿಷಯವಿದೆ. ನನ್ನ ಅವ್ವ ಮಾನಮ್ಮ ನಿಮ್ಮ ಗಿರಣಿಯ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಆಗ ನಾವು ಚೀಕಲಪರ್ವಿಯಲ್ಲಿದ್ದೆವು, ನಾನು ಶಾಲೆಗೆ ಹೋಗುವ ಹುಡುಗಿ. ಸಂಜೆ ಅವ್ವ ಸೆರಗಿನಲ್ಲಿ ನುಚ್ಚು ಕಟ್ಟಿಕೊಂಡು ಬರುತ್ತಿದ್ದಳು. ಇಡೀ ಅಕ್ಕಿ ಮಾರಾಟಕ್ಕೆ, ಮುರಿದದ್ದು ನಮಗೆ. ಅದನ್ನು ಉಂಡೇ ಬೆಳೆದೆ. ಓದಿದೆ, ಪರೀಕ್ಷೆ ಬರೆದೆ, ನೌಕರಿ ಹಿಡಿದೆ. ನನ್ನ ಕ್ಯಾಮೆರಾ ಸಣ್ಣದು, ಆದರೆ ನನ್ನ ಸಂಬಳದ್ದು. ಇನ್ನೊಮ್ಮೆ ನುಚ್ಚು ಬೇಡ.

ನಿಮ್ಮ ಹೊಸ ಕ್ಯಾಮೆರಾಕ್ಕೆ ಶುಭಾಶಯಗಳು. ನನ್ನ ಚಿಂತೆ ಬೇಡ. ಇರುವ ಲೆನ್ಸಿನಲ್ಲೇ ಗೂಬೆಗಳನ್ನು ತೆಗೆಯುತ್ತೇನೆ.

ವಿಶಾಖಾ ಹಂಪಯ್ಯ


ಮಾನ್ವಿ
4 ಏಪ್ರಿಲ್ 2024

ವಿಶಾಖಾ ಅವರಿಗೆ,

ಲೆನ್ಸ್ ಮುಟ್ಟಿ ಎರಡು ತಿಂಗಳಾಯಿತು. ತಿಳಿಸಲು ತಡವಾಯಿತು.

ಹೊಸ ಕ್ಯಾಮೆರಾ ಬಹಳ ಚೆನ್ನಾಗಿದೆ. ಯಾವ ತೊಂದರೆಯೂ ಇಲ್ಲ. ಮೂರು ಚಿತ್ರ ಗುಂಪಿಗೆ ಹಾಕಿದ್ದೇನೆ, ನೋಡಿರಬಹುದು. ನಿಮ್ಮ ಗೂಬೆ ಮರಿಗಳು ಚೆನ್ನಾಗಿ ಬಂದಿರಬೇಕು.

ಶಿವಬಸಮ್ಮ


ದೇವದುರ್ಗ
26 ಮೇ 2024

ಅಮ್ಮಾವರಿಗೆ ನಮಸ್ಕಾರ.

ಹೌದು, ಗೂಬೆ ಚಿತ್ರಗಳು ಚೆನ್ನಾಗಿ ಬಂದಿವೆ. ಮುಂದೆ ಎಂದಾದರೂ ತೋರಿಸುತ್ತೇನೆ.

ಈ ಪತ್ರ ಬರೆಯಲು ಕಾರಣ ಬೇರೆ. ರಜೆಯಲ್ಲಿ ಕೂತು ನೀವು ಇಷ್ಟು ದಿನ ಕಳಿಸಿದ ಚಿತ್ರಗಳನ್ನೆಲ್ಲ ಮೊದಲಿನಿಂದ ನೋಡಿದೆ. ಮೊದಲಿನವೆಲ್ಲ ಆಕಾಶದವು. ರೆಕ್ಕೆ ಮಡಚಿ ನೀರಿಗೆ ಬೀಳುವ ರೀವ ಹಕ್ಕಿ, ಮೋಡದ ಕೆಳಗೆ ಹದ್ದು, ಸಾಲುಗಟ್ಟಿ ಹೋಗುವ ಬಾತು. ಹೋದ ವರ್ಷದ ದಸರೆಯ ಆಚೆಗೆ ಒಂದೇ ಒಂದು ಹಾರುವ ಹಕ್ಕಿ ಇಲ್ಲ. ಎಲ್ಲ ನೆಲದ ಮೇಲೆ, ನೀರಿನ ಮೇಲೆ, ನಿಮ್ಮ ಎದೆಮಟ್ಟಕ್ಕಿಂತ ಕೆಳಗೆ. ನಾನು 'ಆಕಾಶದ ಮೇಲೆ ಮುನಿಸೇ' ಎಂದು ತಮಾಷೆ ಮಾಡಿದ್ದೆ. ವಿಜ್ಞಾನ ಕಲಿಸುವವಳು ಅಷ್ಟು ಕಣ್ಣಿಗೆ ಕಂಡರೂ ಕಾರಣ ಕೇಳಲಿಲ್ಲ.

ಅಮ್ಮಾವರೇ, ನಿಮ್ಮ ಕೈ ಮೇಲೆ ಏಳುತ್ತಿಲ್ಲ, ಅಲ್ಲವೇ? ಕ್ಯಾಮೆರಾ ಬದಲಿಸಿದ್ದು ಕಾಲ ಮುಂದೆ ಹೋಯಿತೆಂದಲ್ಲ. ದೊಡ್ಡದನ್ನು ಎತ್ತಲು ಆಗುತ್ತಿಲ್ಲವೆಂದು.

ಇನ್ನೊಂದು ಮಾತು. ಜನವರಿಯಲ್ಲಿ ನಿಮಗೆ ಬರೆದ ಪತ್ರದ ವಿಷಯ ಅವ್ವನಿಗೆ ಹೇಳಿರಲಿಲ್ಲ. ಮೊನ್ನೆ ರೊಟ್ಟಿ ಬಡಿಯುತ್ತ ಕೇಳಿದಳು, ಆ ದೊಡ್ಡ ಪೆಟ್ಟಿಗೆ ಯಾಕೆ ಬರುತ್ತಿಲ್ಲ ಎಂದು. ಹೇಳಿದೆ. ನುಚ್ಚಿನ ಮಾತು ಬಂದಾಗ ರೊಟ್ಟಿ ತಟ್ಟುವ ಕೈ ನಿಂತಿತು. ಹೊಗಳುತ್ತಾಳೆ ಎಂದುಕೊಂಡಿದ್ದೆ.

"ಯಾರು ಹೇಳಿದ್ರು ನಿನಗ ಅದು ಧರ್ಮಕ್ಕ ಕೊಟ್ಟದ್ದು ಅಂತ? ಕೂಲಿ ಹೆಚ್ಚು ಮಾಡ್ರಿ ಅಂದ್ವಿ, ಮಾಡಲಿಲ್ಲ. ಹೆಣ್ಮಕ್ಕಳೆಲ್ಲ ಮೊರ ಕೆಳಗಿಟ್ಟು ಗೇಟಿನ ಮುಂದ ಕುಂತ್ವಿ. ಎಲ್ಲಾರಕಿಂತ ಮುಂದ ಕುಂತಾಕಿ ನಾನು. ರೊಕ್ಕ ಇಲ್ಲಂದ್ರ ಕಾಳು ಕೊಡ್ರಿ ಅಂದೆ. ದಿನಾ ಸಂಜಿಗಿ ನುಚ್ಚು ಅಳದು ಕೊಡ್ತೀವಿ ಅಂತ ಅವರ ಬಾಯಿಲೇ ಅನಿಸಿ ಎದ್ವಿ. ಅದು ನನ್ನ ಕೂಲಿ. ನನ್ನ ಕೂಲಿ ಉಂಡು ಬೆಳದು, ಅದನ್ನ ಭಿಕ್ಷಾ ಅಂತ ಬರದೀಯಲ್ಲ, ನಾಚಿಕಿ ಬರಲಿಲ್ಲ ನಿನಗ?"

ನನ್ನ ಅವ್ವ ಯಾರ ಮುಂದೆಯೂ ಕೈ ಒಡ್ಡಿದವಳಲ್ಲ ಎಂಬುದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಲೆನ್ಸ್ ಹಿಂದಕ್ಕೆ ಕಳಿಸಿದ್ದಕ್ಕೆ ನಾನು ಈಗಲೂ ಪಶ್ಚಾತ್ತಾಪ ಪಡುವುದಿಲ್ಲ. ಆದರೆ ಆ ಪತ್ರದಲ್ಲಿ ಅವ್ವನ ಬಗ್ಗೆ ಬರೆದ ಸಾಲುಗಳನ್ನು ಹೊಡೆದುಹಾಕಿ.

ನಿಮ್ಮ ಭುಜ ಹೇಗಿದೆ? ನಿಜ ಬರೆಯಿರಿ.

ವಿಶಾಖಾ


ಮಾನ್ವಿ
9 ಜೂನ್ 2024

ವಿಶಾಖಾ,

ನಿನ್ನ ಕಾಗದ ಓದಿ ಎರಡು ದಿನ ಸಿಟ್ಟಿನಲ್ಲಿದ್ದೆ. ನಮ್ಮ ಮನೆಯ ಆಳುಗಳಿಗೂ ಗೊತ್ತಾಗದಂತೆ ಮುಚ್ಚಿಟ್ಟದ್ದನ್ನು ನೀನು ದೇವದುರ್ಗದಲ್ಲಿ ಕೂತು ಕಂಡುಹಿಡಿದೆಯಲ್ಲ!

ಬಲಭುಜ ಹಿಡಿದುಕೊಂಡಿದೆ. ಕೈ ಕಿವಿಯ ಮೇಲಕ್ಕೆ ಏಳುವುದಿಲ್ಲ. ಕೀಲು ಬಿಗಿದಿದೆ, ವ್ಯಾಯಾಮ ಮಾಡಿದರೆ ನಿಧಾನಕ್ಕೆ ಸಡಿಲವಾಗುತ್ತದೆ, ಭಾರ ಮಾತ್ರ ಇನ್ನು ಎತ್ತಬೇಡಿ ಎಂದು ರಾಯಚೂರಿನ ಡಾಕ್ಟರು ಹೇಳಿದರು. ಹೆರಳು ಹಾಕಿಕೊಳ್ಳಲೂ ಬರುವುದಿಲ್ಲ. ಬೆಳಿಗ್ಗೆ ಬಾಗಿಲು ಹಾಕಿಕೊಂಡು ಯಜಮಾನರು ಹಾಕುತ್ತಾರೆ. ಇಡೀ ಮಾನ್ವಿಯ ಅಕ್ಕಿ ವ್ಯಾಪಾರಸ್ಥರನ್ನು ಹೆದರಿಸುವ ಮನುಷ್ಯ, ಬಾಚಣಿಗೆ ಕಚ್ಚಿಕೊಂಡು ನನ್ನ ಹಿಂದೆ ಕೂತಿರುತ್ತಾರೆ. ಮೊದಮೊದಲು ನಾರು ಹೊಸೆದಂತೆ ಇರುತ್ತಿತ್ತು, ಈಗ ಪರವಾಗಿಲ್ಲ.

ದೊಡ್ಡ ಲೆನ್ಸಿನ ಅಮ್ಮಾರಿಗೆ ಲೆನ್ಸ್ ಎತ್ತಲಾಗುವುದಿಲ್ಲ ಎಂದು ಗುಂಪಿನ ಗಂಡಸರ ಮುಂದೆ ಹೇಗೆ ಹೇಳಲಿ? ನಿನ್ನ ಮುಂದೆ ಹೇಗೆ ಹೇಳಲಿ? ಅದಕ್ಕೇ ಕಾಲ, ತಂತ್ರಜ್ಞಾನ ಎಂದೆಲ್ಲ ಬರೆದೆ. ಪುಣ್ಯ ಎಂದೂ ಬರೆದೆ. ಕೈಲಾಗದೆ ಬಿಟ್ಟದ್ದನ್ನು ಕೈಯೆತ್ತಿ ಕೊಟ್ಟಂತೆ ತೋರಿಸಿಕೊಂಡೆ. ನೀನು ಹಿಂದಕ್ಕೆ ಕಳಿಸಿದ್ದು ಸರಿ.

ಇನ್ನೊಂದು ನಿಜ. ಹೊಸ ಕ್ಯಾಮೆರಾ ನನ್ನ ಮಾತು ಕೇಳುತ್ತಿಲ್ಲ. ನಿಕಾನ್ ಲೆನ್ಸು ತಿರುವಿ ಕೂರಿಸುವ ದಿಕ್ಕಿಗೆ ಇದು ಉಲ್ಟಾ. ಕೈಗೆ ಹಳೆಯ ರೂಢಿ, ಹಾಕಲು ಹೋಗಿ ಬಿಚ್ಚುತ್ತೇನೆ. ಮೆನು ತೆಗೆದರೆ ಒಂದರೊಳಗೊಂದು, ಎಲ್ಲ ಇಂಗ್ಲಿಷು. ಕಣ್ಣು ಹುಡುಕುತ್ತದೆ ಎಂದರು, ಇದು ಹಕ್ಕಿ ಬಿಟ್ಟು ಹಿಂದಿನ ಜಾಲಿಮುಳ್ಳನ್ನು ಹುಡುಕುತ್ತದೆ. ಗುಂಪಿಗೆ ಹಾಕಿದ ಮೂರು ಚಿತ್ರ ಬಿಟ್ಟರೆ ಉಳಿದವೆಲ್ಲ ಮಸುಕು. ಈಗದು ಬೀರುವಿನಲ್ಲಿ ಸೀರೆಗಳ ನಡುವೆ ಮಲಗಿದೆ.

ಮಾನಮ್ಮನವರು ಹೇಳಿದ್ದು ಅಕ್ಷರಶಃ ನಿಜ. ಆ ದಿನ ನನಗೆ ನೆನಪಿದೆ. ಅದರ ಬಗ್ಗೆ ಕಾಗದದಲ್ಲಿ ಬರೆಯುವುದಿಲ್ಲ, ಅವರ ಎದುರು ಕೂತು ಆಡಬೇಕಾದ ಮಾತು.

ಕೇಳಲು ನಾಲಗೆ ಏಳುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಈ ಕ್ಯಾಮೆರಾ ಕಲಿಸುತ್ತೀಯಾ?

ಶಿವಬಸಮ್ಮ


ದೇವದುರ್ಗ
23 ಜೂನ್ 2024

ಅಮ್ಮಾವರಿಗೆ ನಮಸ್ಕಾರ.

ಕಲಿಸುತ್ತೇನೆ. ಆದರೆ ಪುಕ್ಕಟೆ ಅಲ್ಲ. ನಾನು ಮಾನಮ್ಮನ ಮಗಳು, ಮೊದಲು ಕರಾರು.

ಭಾನುವಾರಗಳಲ್ಲಿ ನಾನು ಮಾನ್ವಿಗೆ ಬರುತ್ತೇನೆ. ನೀವು ಹಾರುವ ಹಕ್ಕಿಯೊಂದನ್ನು ಕಣ್ಣು ಚೊಕ್ಕವಾಗಿ ತೆಗೆದ ದಿನ, ಕಲಿಸಿದ ಕೂಲಿಗೆ ದೊಡ್ಡ ಲೆನ್ಸ್ ನನ್ನದು. ತೆಗೆಯದಿದ್ದರೆ ಅದು ನಿಮ್ಮಲ್ಲೇ ಇರುತ್ತದೆ, ನಾನು ಕೇಳುವುದಿಲ್ಲ. ಚಿತ್ರ ಪಾಸೋ ನಪಾಸೋ ಹೇಳುವವಳು ನಾನು. ಒಪ್ಪಿಗೆಯಾದರೆ ಒಂದು ಸಾಲು ಬರೆಯಿರಿ.

ಆ ಕ್ಯಾಮೆರಾದ ಕೈಪಿಡಿಯನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಓದಿದೆ. ಮೊದಲ ಪಾಠ ಇಲ್ಲೇ. ಕ್ಯಾಮೆರಾ ಯಾವ ವಿಷಯ ಹುಡುಕಬೇಕು ಎಂಬ ಆಯ್ಕೆಯಿದೆ. ಅಂಗಡಿಯವರು ಅದನ್ನು ಮೋಟರ್ ಗಾಡಿಗೆ ಇಟ್ಟು ಕಳಿಸಿರಬಹುದು. ಹಕ್ಕಿಯ ಚಿತ್ರ ಇರುವ ಗುರುತಿಗೆ ಬದಲಿಸಿ. ಫೋಕಸ್ ಮಾಡುವ ಕೆಲಸವನ್ನು ಹಿಂದಿನ ಹೆಬ್ಬೆರಳಿನ ಗುಂಡಿಗೆ ಕೊಡೋಣ, ತೋರುಬೆರಳು ಚಿತ್ರಕ್ಕೆ ಮಾತ್ರ. ಇನ್ನೊಂದು ಸೊಗಸಿದೆ: ನೀವು ಗುಂಡಿ ಪೂರ್ತಿ ಒತ್ತುವುದಕ್ಕಿಂತ ಸ್ವಲ್ಪ ಹಿಂದಿನ ಕ್ಷಣಗಳನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ. ಅದು ಆಮೇಲೆ.

ನಿಮ್ಮ ಮನೆಯಲ್ಲಿ ಹಿಂದಕ್ಕೆ ವಾಲುವ ಆರಾಮ ಕುರ್ಚಿ ಇದೆಯೇ? ಇದ್ದರೆ ಹೊಳೆಗೆ ಒಯ್ಯಬೇಕು. ಮೊಣಕೈ ಪಕ್ಕೆಗೆ ಒತ್ತಿ, ಕೈ ಎತ್ತದೆ, ಬೆನ್ನು ವಾಲಿಸಿದರೆ ಆಕಾಶ ತಾನೇ ಎದುರಿಗೆ ಬರುತ್ತದೆ.

ವಿಶಾಖಾ


ಮಾನ್ವಿ
22 ಸೆಪ್ಟೆಂಬರ್ 2024

ವಿಶಾಖಾ,

ಇಷ್ಟು ಭಾನುವಾರಗಳ ಪಾಠದ ಮೇಲೆ ಸಿಕ್ಕಿತು! ಪ್ರಿಂಟ್ ಹಾಕಿಸಿ ಇದರೊಳಗೆ ಇಟ್ಟಿದ್ದೇನೆ. ಚೀಕಲಪರ್ವಿಯ ದಂಡೆಯ ಜಾಲಿಯ ಮೇಲಿಂದ ಕಳ್ಳಿಪೀರ ಹಾರಿದ್ದು. ರೆಕ್ಕೆಯ ಹಸಿರು ನೋಡು, ಕೊಕ್ಕಿನ ತುದಿ ನೋಡು. ಕುರ್ಚಿ ಹೊತ್ತು ತಂದ ಯಜಮಾನರು, "ಈ ಗುಬ್ಬಿ ಭಾಳ ಛಂದ ಅದಬೇ" ಅಂದರು.

ಲೆನ್ಸನ್ನು ಪೆಟ್ಟಿಗೆಯಲ್ಲಿ ಹಾಕಿ ಸಿದ್ಧ ಮಾಡಿದ್ದೇನೆ. ಗೂಬೆಗಳ ಕಾಲ ಹತ್ತಿರ ಬಂತು. ಬೇಗ ಪಾಸು ಮಾಡು.

ಶಿವಬಸಮ್ಮ


ದೇವದುರ್ಗ
29 ಸೆಪ್ಟೆಂಬರ್ 2024

ಅಮ್ಮಾವರೇ,

ಚಿತ್ರ ಬಹಳ ಚೆಂದ. ಆದರೆ ಎಡಗಾಲಿನ ಉಗುರು ಇನ್ನೂ ಕೊಂಬೆಯನ್ನು ಹಿಡಿದಿದೆ. ಇದು ಹಾರಲು ಹೊರಟ ಹಕ್ಕಿ, ಹಾರುವ ಹಕ್ಕಿಯಲ್ಲ.

ನಪಾಸು.

ನನಗೆ ಲೆನ್ಸ್ ಬೇಡವೆಂದಲ್ಲ. ಬಹಳ ಬೇಕು. ಆದರೆ ಕರಾರು ಕರಾರೇ. ಮುಂದಿನ ಭಾನುವಾರ ಬರುತ್ತೇನೆ.

ವಿಶಾಖಾ


ಮಾನ್ವಿ
10 ನವೆಂಬರ್ 2024

ವಿಶಾಖಾ ಅಕ್ಕೋರಿಗೆ ಶಿವಬಸಮ್ಮನ ಶರಣು. ಕಲಿಸಿದ ಮೇಲೆ ನನಗೂ ನೀನು ಅಕ್ಕೋರೇ.

ನಪಾಸು ಮಾಡಿದ ಮೇಲೆ ನಿನ್ನ ಮೇಲೆ ಬಂದ ಸಿಟ್ಟಿಗೆ ಭುಜದ ವ್ಯಾಯಾಮ ದಿನಕ್ಕೆ ಎರಡು ಸಲ ಮಾಡಿದೆ. ಕೈ ಈಗ ಕಿವಿ ದಾಟಿದೆ. ಹೆರಳು ಮಾತ್ರ ಇನ್ನೂ ಯಜಮಾನರೇ ಹಾಕುತ್ತಾರೆ, ಅವರು ಬಿಡಲೊಲ್ಲರು.

ನಿನ್ನೆ ಮುಂಜಾನೆ ಚೀಕಲಪರ್ವಿ. ನೀನು ತೋರಿಸಿದ ಕಲ್ಲಿನ ಮೆಟ್ಟಿಲ ಹತ್ತಿರವೇ ಕುರ್ಚಿ ಹಾಕಿಸಿದ್ದೆ. ಕಪ್ಪುಬಿಳುಪು ಮಿಂಚುಳ್ಳಿ ಬಂತು. ಹೊಳೆಯ ಮೇಲೆ ನಡುಗಾಳಿಯಲ್ಲೇ ನಿಂತಿತು, ರೆಕ್ಕೆ ಪಟಪಟ, ತಲೆ ಮಾತ್ರ ಮೊಳೆ ಹೊಡೆದಂತೆ ಸ್ಥಿರ. ಮೊಣಕೈ ಪಕ್ಕೆಗೆ ಒತ್ತಿದೆ. ಬೆನ್ನು ವಾಲಿಸಿದೆ. ಹೆಬ್ಬೆರಳು ಹಿಂದಿನ ಗುಂಡಿಯ ಮೇಲೆ. ನಿನ್ನ ದನಿ ಕಿವಿಯಲ್ಲಿ: "ಹಕ್ಕಿ ಹಿಂದ ಓಡಬ್ಯಾಡ್ರಿ ಅಮ್ಮಾರ, ಅದರ ಜೋಡಿ ಹೋಗ್ರಿ." ಹೋದೆ. ಅದು ಬಾಣದಂತೆ ಕೆಳಗೆ ಬಿತ್ತು, ಮೀನು ಕಚ್ಚಿ ಮೇಲೆದ್ದಿತು, ನನ್ನ ನೇರಕ್ಕೇ ಬಂತು. ಮೈಯಿಂದ ನೀರಿನ ಹನಿ ಉದುರುತ್ತಿದ್ದವು. ಕ್ಯಾಮೆರಾ ಒಂದು ಸಪ್ಪಳವನ್ನೂ ಮಾಡಲಿಲ್ಲ. ಏನಾದರೂ ಸಿಕ್ಕಿತೋ ಇಲ್ಲವೋ ಎಂದು ಪರದೆ ನೋಡಿದೆ.

ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಇದೆ, ವಿಶಾಖಾ. ಸುತ್ತ ಕೊಂಬೆ ಇಲ್ಲ, ಮೆಟ್ಟಿಲಿಲ್ಲ, ನೆಲವೇ ಇಲ್ಲ.

ಯಜಮಾನರು ನನ್ನ ಮುಖ ನೋಡಿ ಹೆದರಿದರು. "ಯಾಕಬೇ, ಭುಜ ನೋವಾತೇನು?" ಎಂದರು. ಅಳುತ್ತಿದ್ದೆನಂತೆ. ನನಗೆ ಗೊತ್ತಾಗಲಿಲ್ಲ. ಇಷ್ಟು ವರ್ಷ ಆ ದೊಡ್ಡ ಲೆನ್ಸ್ ನನ್ನ ಮರ್ಯಾದೆ ಎಂದುಕೊಂಡಿದ್ದೆ. ಅದನ್ನು ಇಳಿಸಿದರೆ ನಾನು ಯಾರೂ ಅಲ್ಲ ಎಂದು ಅಂಜಿದ್ದೆ. ಹಾಗೇನೂ ಆಗಲಿಲ್ಲ.

ಚಿತ್ರ ಕಳಿಸಿದ್ದೇನೆ. ಪಾಸೆಂದು ನೀನು ಹೇಳುವವರೆಗೂ ಕಾಯಲಿಲ್ಲ, ಲೆನ್ಸನ್ನೂ ಕಳಿಸಿದ್ದೇನೆ. ಇದು ನಾನು ಕೊಟ್ಟದ್ದಲ್ಲ, ನೀನು ದುಡಿದದ್ದು.

ಶಿವಬಸಮ್ಮ


ದೇವದುರ್ಗ
16 ಫೆಬ್ರವರಿ 2025

ಅಮ್ಮಾವರಿಗೆ ನಮಸ್ಕಾರ.

ನಿಮ್ಮ ಮಿಂಚುಳ್ಳಿ ನಮ್ಮ ಶಾಲೆಯ ಗೋಡೆಯ ಮೇಲಿದೆ. ಪಾಸಲ್ಲ, ಮೊದಲ ದರ್ಜೆ.

ಈಗ ನನ್ನ ಸರದಿ. ಹೋದ ವರ್ಷ ಗೂಬೆ ಚಿತ್ರ ಚೆನ್ನಾಗಿ ಬಂದಿವೆ ಎಂದು ಬರೆದಿದ್ದೆನಲ್ಲ, ಒಂದೂ ಇರಲಿಲ್ಲ. ಲೆನ್ಸ್ ಸಣ್ಣದಾದ್ದರಿಂದ ಹತ್ತಿರ ಹೋದೆ, ತಾಯಿ ಗೂಬೆ ಗೂಡು ಬಿಟ್ಟೆದ್ದಿತು. ಕ್ಯಾಮೆರಾ ಚೀಲಕ್ಕೆ ಹಾಕಿ ಗುಡ್ಡ ಇಳಿದುಬಿಟ್ಟೆ. ಅದು ಮರಳಿ ಬಂದು ಕೂತದ್ದನ್ನು ದೂರದಿಂದ ಕಂಡ ಮೇಲೆ ಉಸಿರು ಬಂತು. ಆಮೇಲೆ ಆ ಕಡೆ ಕ್ಯಾಮೆರಾ ಒಯ್ಯಲೇ ಇಲ್ಲ.

ಈ ವರ್ಷ ಅದೇ ಸಂದಿನಲ್ಲಿ ಮತ್ತೆ ಸಂಸಾರ. ಎದುರಿನ ಗುಡ್ಡದ ಮೇಲೆ, ಬೇವಿನ ಗಿಡದ ಮರೆಯಲ್ಲಿ ನಾನು, ಅವ್ವ, ನಮ್ಮ ಲೆನ್ಸ್. ತಪ್ಪಾಯಿತು, ನನ್ನ ಲೆನ್ಸ್! ಸಂಜೆಯ ಬಿಸಿಲು ಬಂಡೆಗೆ ಬಿದ್ದಾಗ ತಾಯಿ ರೆಕ್ಕೆ ಸರಿಸಿತು. ಅದರ ಕೆಳಗಿಂದ ಎರಡು ಮರಿ, ಹತ್ತಿಯ ಉಂಡೆಗಳಂತೆ, ಒಟ್ಟಿಗೇ ನಮ್ಮ ಕಡೆ ನೋಡಿದವು. ಮೂರು ಜೊತೆ ಕಿತ್ತಳೆ ಕಣ್ಣು. ಆದರೂ ನಾವು ಅಲ್ಲಿರುವುದು ಅವಕ್ಕೆ ಗೊತ್ತೇ ಆಗಲಿಲ್ಲ.

ರಾಯಚೂರಿನಲ್ಲಿ ಮಾರ್ಚ್ ಕೊನೆಗೆ ಗುಂಪಿನ ಪ್ರದರ್ಶನ ಇಟ್ಟಿದ್ದಾರೆ. ಮೌನೇಶ ನಮ್ಮಿಬ್ಬರ ಚಿತ್ರವನ್ನೂ ಕೇಳಿದ್ದಾರೆ. ಆದರೆ ಆಗ ನನಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೆಲಸ, ಬಿಡುವಿಲ್ಲ. ಅವ್ವ ಒಬ್ಬಳೇ ಹೋಗುತ್ತೇನೆ ಎನ್ನುತ್ತಿದ್ದಾಳೆ. ಅವಳನ್ನು ನೋಡಿಕೊಳ್ಳಿ ಎಂದು ನಿಮಗೆ ಹೇಳುವಂತಿಲ್ಲ, ಅವಳಿಗೆ ಸಿಟ್ಟು ಬರುತ್ತದೆ. ಒಂದು ಕಣ್ಣಿಟ್ಟಿರಿ.

ವಿಶಾಖಾ


ಮಾನ್ವಿ
29 ಮಾರ್ಚ್ 2025

ವಿಶಾಖಾ ಅಕ್ಕೋರಿಗೆ ಶರಣು.

ನಿನ್ನೆ ರಾಯಚೂರಿನಲ್ಲಿ ನಡೆದದ್ದನ್ನೆಲ್ಲ ಬರೆಯುತ್ತೇನೆ. ಮಾನಮ್ಮನವರು ಅರ್ಧ ಹೇಳಿ ಅರ್ಧ ನುಂಗಿರುತ್ತಾರೆ.

ನಾನು ಹೋಗುವಷ್ಟರಲ್ಲಿ ಅವರು ಬಂದಾಗಿತ್ತು. ಹಸಿರು ಇಳಕಲ್ ಸೀರೆ. ಬಾಗಿಲಿಗೆ ಎದುರಾಗಿಯೇ ನಿನ್ನ ಗೂಬೆ, ಗೋಡೆಯಷ್ಟು ದೊಡ್ಡದು. ಅದರ ಮುಂದೆ ಅವರು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಕಾಲೇಜು ಹುಡುಗಿಯೊಬ್ಬಳು, "ಇದು ಎಲ್ಲಿ ತೆಗೆದದ್ದು?" ಎಂದಳು. "ನಮ್ಮೂರ ಗುಡ್ಡದಾಗ. ಮೊದಲ ಕಂಡಾಕಿ ನಾನು, ತಗದಾಕಿ ನನ್ನ ಮಗಳು" ಅಂದರು. ಎಲ್ಲರಿಗೂ ಕೇಳಿಸುವಂತೆ.

ನಾನು ಹತ್ತಿರ ಹೋಗಿ ಕೈಮುಗಿದೆ. ಹೆಸರು ಹೇಳಬೇಕೆಂದಿದ್ದೆ. ಅವರೇ, "ಗೊತ್ತಾತ್ರಿ. ಅವತ್ತು ನಾವು ಗೇಟಿನ್ಯಾಗ ಕುಂತಾಗ ಮ್ಯಾಲಿನ ಕಿಡಕ್ಯಾಗ ನೀವು ನಿಂತಿದ್ರಿ" ಅಂದರು.

ನಿಂತಿದ್ದೆ, ವಿಶಾಖಾ. ಮನೆಯ ಸೊಸೆಯರು ಗಿರಣಿಯ ಅಂಗಳಕ್ಕೆ ಇಳಿಯುವಂತಿರಲಿಲ್ಲ. ಕೆಳಗೆ ಒಬ್ಬ ಹೆಣ್ಣುಮಗಳು ನಮ್ಮ ಮಾವನವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಿದ್ದಳು. ಆ ಮನೆಯಲ್ಲಿ ಗಂಡಸರೂ ಹಾಗೆ ಮಾತಾಡಿದ್ದು ನಾನು ಕಂಡಿರಲಿಲ್ಲ. ಅದನ್ನೇ ಅವರಿಗೆ ಹೇಳಿದೆ: "ನನಗ ಅವತ್ತು ಕೆಳಗ ಇಳದು ಬರಬೇಕು ಅನಿಸಿತ್ತು. ಧೈರ್ಯ ಆಗಲಿಲ್ಲ." ಅವರು, "ಹೋಗ್ಲಿ ಬಿಡ್ರಿ. ನಿಮ್ಮ ಹಕ್ಕಿ ಎಲ್ಲಿ ಅದ, ತೋರಸ್ರಿ" ಅಂದರು.

ಮಿಂಚುಳ್ಳಿಯ ಮುಂದೆ ಗಂಡಸರ ಗುಂಪು. ಎಲ್ಲರದೂ ಒಂದೇ ಪ್ರಶ್ನೆ: ಯಾವ ಕ್ಯಾಮೆರಾ, ಯಾವ ಲೆನ್ಸ್, ಆ ಸಣ್ಣ ಸೆನ್ಸರಿನಲ್ಲಿ ಇಷ್ಟು ಚೊಕ್ಕ ಹೇಗೆ ಬಂತು? ಮೌನೇಶ ತಲೆ ಕೆರೆದುಕೊಂಡು, "ಅಮ್ಮಾರ, ಕತ್ತಿ ಹೊಳಿ ದಾಟೇಬಿಡ್ತಲ್ರಿ" ಅಂದ. ಕಂಪನಿ ಹೆಸರು ಹೇಳಲು ಬಾಯಿ ತೆರೆದೆ. ಆಮೇಲೆ ಬೇಡವೆನಿಸಿತು.

"ಕ್ಯಾಮೆರಾ ಅಂಗಡ್ಯಾಗ ಸಿಗತದ್ರಿ, ಯಾರರೆ ತಗೋರಿ" ಅಂದೆ. "ನನಗ ಕಲಿಸಿದಾಕಿ ವಿಶಾಖಾ ಅಕ್ಕೋರು, ದೇವದುರ್ಗದಾಕಿ. ಒಮ್ಮೆ ನಪಾಸ್ ಮಾಡಿ ಕಲಿಸ್ಯಾಳ. ಆಕಿ ಇವತ್ತು ಬಂದಿಲ್ಲ, ಆಕಿ ತಾಯಿ ಬಂದಾರ. ಇವರೇ ನೋಡ್ರಿ."

ಎಲ್ಲರೂ ತಿರುಗಿದರು. ಮಾನಮ್ಮನವರು ಸೆರಗು ಸರಿಪಡಿಸಿಕೊಂಡು, ನಿಧಾನವಾಗಿ ಬಂದು ನನ್ನ ಚಿತ್ರದ ಪಕ್ಕದಲ್ಲಿ ನಿಂತರು. ಅಲ್ಲಿಂದ ಮುಂದೆ ಸಂಜೆಯವರೆಗೂ ಕೇಳಿದವರಿಗೆಲ್ಲ ಉತ್ತರ ಕೊಟ್ಟದ್ದು ಅವರೇ. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೇಳುತ್ತ ಕೂತಿದ್ದೆ.

ಶಿವಬಸಮ್ಮ